ಬ್ರೇಕ್ ನನ್ನದು, ಸ್ಟೇರಿಂಗ್ ಗಿರಿಜಮ್ಮನವರದು

ದೇಹ ನಶ್ವರ ಎಂದು ಬಲ್ಲವರು ಹೇಳಿದ್ದಾರೆ. ನಾನು ತಲೆಬಾಗಿ ಒಪ್ಪುತ್ತೇನೆ. ಆದರೆ ಅದು ನಶಿಸುವುದಕ್ಕೆ ಮೊದಲು ಎಷ್ಟು ಆಸ್ಪತ್ರೆಗಳ ಬೆಂಚಿನ ಮೇಲೆ ಕೂರಬೇಕು, ಆ ಬೆಂಚಿನಲ್ಲಿ ಪಕ್ಕದವರು ಎಷ್ಟು ಬಗೆಯ ಕಷಾಯ ಹೇಳಿಕೊಡುತ್ತಾರೆ ಎಂಬುದನ್ನು ಬಲ್ಲವರು ಯಾರೂ ಹೇಳಲಿಲ್ಲ. ಬಹುಶಃ ಅವರ ಕಿಡ್ನಿ ಚೆನ್ನಾಗಿತ್ತು.

ನನ್ನವು ಚೆನ್ನಾಗಿರಲಿಲ್ಲ. ಶಿಕಾರಿಪುರದಲ್ಲಿ ನಾನು ಬಹಳ ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವನು. ಊರಿನ ಅರ್ಧ ಜನಕ್ಕೆ ಕಾರು ಬಿಡುವುದನ್ನು ಕಲಿಸಿದ್ದೇನೆ, ಉಳಿದರ್ಧಕ್ಕೆ ರಸ್ತೆಯಿಂದ ಪಕ್ಕಕ್ಕೆ ಹಾರುವುದನ್ನು. ಕಲಿಸುವ ಕಾರಿನಲ್ಲಿ ಎಡಗಡೆ ಕೂರುವ ಮೇಷ್ಟ್ರ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ. ಸ್ಟೇರಿಂಗ್ ಹಿಡಿದವನು ಏನೇ ಅನಾಹುತಕ್ಕೆ ಕೈ ಹಾಕಲಿ, ಕಾರನ್ನು ನಿಲ್ಲಿಸುವವನು ನಾನು. ಈ ಒಂದು ಬ್ರೇಕು ಕಾಲಕ್ರಮದಲ್ಲಿ ಮನುಷ್ಯನ ಸ್ವಭಾವವನ್ನೇ ತಿದ್ದಿಬಿಡುತ್ತದೆ. ಮದುವೆ ಮನೆಯಲ್ಲಿ ಸಾರಿನ ಬಕೆಟ್ ಹಿಡಿದವನು ಜೋರಾಗಿ ಬಂದರೂ ನನ್ನ ಬಲಗಾಲು ನೆಲ ಒತ್ತುತ್ತದೆ.

ಆ ಬಲಗಾಲೇ ಮೊದಲು ದೂರು ಕೊಟ್ಟಿದ್ದು. ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಸಂಜೆವರೆಗೂ ಹಾಗೇ ಇರುತ್ತಿತ್ತು. ನಾನು ಚಪ್ಪಲಿಯನ್ನು ಬೈದೆ. ನನ್ನ ಹೆಂಡತಿ ವಿಶಾಲಾಕ್ಷಿ ಒಂದು ಬೆರಳಿನಿಂದ ಪಾದ ಒತ್ತಿ, ಅಲ್ಲಿ ಬಿದ್ದ ಗುಳಿಯನ್ನು ನೋಡಿ, "ಇದು ಚಪ್ಪಲಿದಲ್ರೀ, ನಿಮ್ದೇ" ಎಂದಳು. ಊರಿನ ಡಾಕ್ಟರು ಬಿಪಿ ನೋಡಿದರು, ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದರು. ನನಗೆ ಅವರ ಯಂತ್ರದ ಮೇಲೆ ಅನುಮಾನ, ಅವರಿಗೆ ನನ್ನ ಮೇಲೆ. ಶಿವಮೊಗ್ಗಕ್ಕೆ ಬರೆದುಕೊಟ್ಟರು.

ಶಿವಮೊಗ್ಗದಲ್ಲಿ ನನ್ನ ರಕ್ತ ಒಂದು ಬಾಗಿಲಿಂದ ಒಳಗೆ ಹೋಯಿತು, ನಾವು ಇನ್ನೊಂದು ಬಾಗಿಲ ಹೊರಗೆ ಕೂತೆವು. ಕಡೆಗೆ ನನ್ನಲ್ಲಿ ಕಲಿಯಲು ಬರುವ ಹುಡುಗರಷ್ಟೇ ವಯಸ್ಸಿನ ಒಬ್ಬ ಡಾಕ್ಟರು ಕೂರಿಸಿಕೊಂಡು, ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ, ಇನ್ನು ಡಯಾಲಿಸಿಸ್ ಆಗಬೇಕು ಎಂದರು.

"ಎರಡೂನಾ?" ಎಂದಳು ವಿಶಾಲಿ. "ಒಂದಾದ್ರೂ ಉಳೀಬಾರ್ದಿತ್ತಾ?"

ಡಾಕ್ಟರು ಆ ಒಂದನ್ನು ತಾವೇ ಎತ್ತಿಕೊಂಡವರಂತೆ ತಲೆ ತಗ್ಗಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಅವಳು ನನಗೆ ಬಿಟ್ಟುಕೊಟ್ಟಳು. ಮದುವೆಯಾದ ಮೇಲೆ ಇದು ಮೊದಲ ಸಲ. ಅಲ್ಲಿಯವರೆಗೆ ನನಗೆ ಅಷ್ಟೇನೂ ಭಯವಾಗಿರಲಿಲ್ಲ.

ಡಯಾಲಿಸಿಸ್ ಎಂದರೆ ರಕ್ತವನ್ನು ಯಂತ್ರದಲ್ಲಿ ಸೋಸುವುದು. ಆ ಯಂತ್ರಕ್ಕೆ ರಕ್ತ ಹೋಗಿ ಬರಲು ತೋಳಿನಲ್ಲಿ ಒಂದು ದಾರಿ ಮಾಡುತ್ತಾರೆ; ಎರಡು ನಾಳ ಕೂಡಿಸುವ ಸಣ್ಣ ಆಪರೇಷನ್ನು. ನನ್ನ ಎಡತೋಳಿನಲ್ಲಿ ಮಾಡಿದ್ದು ಹಿಡಿಯಲಿಲ್ಲ, ಬಲತೋಳಿಗೆ ಮಾಡಿದರು. ಕೈಯಿಟ್ಟರೆ ಒಲೆಯ ಪಕ್ಕ ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ. ಆ ತೋಳು ಮಡಿಸಬಾರದು, ಭಾರ ಎತ್ತಬಾರದು, ಸೂಜಿ ಚುಚ್ಚಿರುವಷ್ಟು ಹೊತ್ತು ಅಲುಗಾಡಿಸಬಾರದು. ಕುಡಿಯುವ ನೀರಿಗೆ ಅಳತೆ. ಎಲ್ಲಕ್ಕಿಂತ ಹೆಚ್ಚಾಗಿ ಡಾಕ್ಟರು ಕೈಬೆರಳು ಮಡಿಸುತ್ತಾ ಹೇಳಿದ್ದು ಇದು: ಬಾಳೆಹಣ್ಣು ಬೇಡ, ಬಾಳೆದಿಂಡು ಬೇಡ, ಮೋಸಂಬಿ ಬೇಡ, ಎಳನೀರಂತೂ ಬೇಡವೇ ಬೇಡ. ಅವುಗಳಲ್ಲಿರುವ ಪೊಟ್ಯಾಶಿಯಂ ನಿಮ್ಮ ಮೈಯಿಂದ ಹೊರಗೆ ಹೋಗುವುದಿಲ್ಲ, ಏರಿದರೆ ನೋವು ಕೊಡುವುದಿಲ್ಲ, ಜ್ವರ ಬರಿಸುವುದಿಲ್ಲ, ಸುಮ್ಮನೆ ಎದೆ ನಿಲ್ಲಿಸುತ್ತದೆ.

ಇದರಲ್ಲಿ ಅರ್ಥವಾಗದ್ದು ಏನಿದೆ? ಆದರೆ ನಮ್ಮ ಕಡೆ ಕಿಡ್ನಿ ಎಂದರೆ ಕಲ್ಲು, ಕಲ್ಲಿಗೆ ಬಾಳೆದಿಂಡು. ಇದು ವೇದವಾಕ್ಯ. ಮನೆಗೆ ಬಂದವರು, ಹಾಲಿನವನು, ಡಯಾಲಿಸಿಸ್ ಕೇಂದ್ರದ ಬೆಂಚಿನಲ್ಲಿ ಕೂತ ಪರಸ್ಥಳದವರು, ಎಲ್ಲರೂ ಬಾಳೆದಿಂಡೇ. "ನನಗಿರೋದು ಕಲ್ಲಲ್ಲ" ಎಂದರೆ, "ಕಲ್ಲು ಕರಗಿಸೋದು ಇದನ್ನ ಕರಗಿಸಲ್ವಾ?" ಎನ್ನುತ್ತಾರೆ. ಪಕ್ಕದ ಮನೆಯವರು ಪಲ್ಯವನ್ನೇ ಮಾಡಿ ತಂದರು. ವಿಶಾಲಿ ಅದನ್ನು ನಗುತ್ತಾ ಇಸಿದುಕೊಂಡು, ಅವರು ಗೇಟು ದಾಟಿದ ಕೂಡಲೇ ದನಕ್ಕೆ ಹಾಕಿದಳು. ದನ ಚೆನ್ನಾಗಿದೆ.

ಡಯಾಲಿಸಿಸ್ ನಮ್ಮೂರಿನ ಆಸ್ಪತ್ರೆಯಲ್ಲೇ, ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ನಾಲ್ಕು ತಾಸು. ಓದೋಣವೆಂದರೆ ಎಡಗೈಯೊಂದರಲ್ಲಿ ಪತ್ರಿಕೆಯ ಪುಟ ಮಗುಚಲಾಗುವುದಿಲ್ಲ. ಮೇಲೆ ನೋಡಿದರೆ ಫ್ಯಾನು. ಈ ಸ್ಥಿತಿಯಲ್ಲಿ ನನ್ನ ಭಾವಮೈದುನ ಮಂಜುನಾಥ ಬಂದ. ಆನವಟ್ಟಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ; ಯಾರೂ ಕೊಳ್ಳದ ಸರಕನ್ನು ನಂಟರಿಗೆ ಪ್ರೀತಿಯಿಂದ ಕೊಡುವವನು.

"ಭಾವ, ಇದು ಕೈಯಲ್ಲಿ ಹಿಡಿದು ಆಡೋ ವಿಡಿಯೋ ಗೇಮು. ಒಳಗೆ ಕಾರಿನ ರ‍್ಯಾಲಿ ಇದೆ. ನಿಮ್ಮ ಲೈನೇ ಅಲ್ವಾ?"

"ನನ್ನ ಲೈನಲ್ಲಿ ಮರಕ್ಕೆ ಗುದ್ದಿದ್ರೆ ಕಾರು ನಿಲ್ತದೆ" ಎಂದೆ. ಅವನು ಅಷ್ಟರಲ್ಲಿ ಅದನ್ನು ಹಚ್ಚಿ ತೋರಿಸುತ್ತಿದ್ದ. ಕಾರು ಗುಡ್ಡದಿಂದ ಉರುಳಿತು, ಮೂರು ಪಲ್ಟಿ ಹೊಡೆಯಿತು, ಎದ್ದು ನಿಂತು ಮುಂದಕ್ಕೆ ಹೋಯಿತು. ಲೈಸೆನ್ಸ್ ಕೇಳುವವರಿಲ್ಲ, ಪಂಚನಾಮೆ ಇಲ್ಲ. ಇಷ್ಟು ನೀತಿಗೆಟ್ಟ ವಸ್ತುವನ್ನು ನಾನು ಅದುವರೆಗೆ ಕೈಯಲ್ಲಿ ಹಿಡಿದಿರಲಿಲ್ಲ. ಅಷ್ಟಕ್ಕೂ ಹಿಡಿಯುವುದು ಹೇಗೆ? ಎಡಭಾಗದ ಗುಂಡಿಗಳು ಕಾರು ತಿರುಗಿಸಲು, ಬಲಭಾಗದವು ಗ್ಯಾಸ್ ಕೊಟ್ಟು ವೇಗ ಏರಿಸಲು, ಬ್ರೇಕ್ ಹಾಕಲು. ಎರಡು ಕೈ ಬೇಕು. ಸೂಜಿ ಚುಚ್ಚಿದ ಮೇಲೆ ನನಗಿರುವುದು ಒಂದು.

ಇನ್ನೊಂದು ಕೈ ಪಕ್ಕದ ಮಂಚದಲ್ಲಿತ್ತು. ಹೊಸಬಾಳೆ ಹಳ್ಳಿಯ ಗಿರಿಜಮ್ಮನವರು ಭತ್ತ, ಶುಂಠಿ ಬೆಳೆಯುವ ಮನೆಯವರು. ಶಿಕಾರಿಪುರದ ಮಗಳ ಮನೆಯಲ್ಲಿದ್ದುಕೊಂಡು ಅದೇ ದಿನ ಅದೇ ಹೊತ್ತಿಗೆ ಬರುತ್ತಿದ್ದರು. ನನ್ನ ಎಡಕ್ಕೆ ಅವರ ಮಂಚ. ಅವರಿಗೆ ಸೂಜಿ ಎಡತೋಳಿಗೆ, ಹಾಗಾಗಿ ಬಲಗೈ ಬಿಡುವು. ನನ್ನ ಎಡಗೈ, ಅವರ ಬಲಗೈ, ನಡುವೆ ಊಟದ ಟ್ರಾಲಿ. ನಾನು ಒಂಟಿ ಕೈಯಲ್ಲಿ ಗ್ಯಾಸ್ ಮಾತ್ರ ಕೊಟ್ಟು ಕಾರನ್ನು ನೇರವಾಗಿ ಹಳ್ಳಕ್ಕೆ ಕಳಿಸುತ್ತಿದ್ದುದನ್ನು ಅವರು ಎರಡು ವಾರ ಸಹಿಸಿದರು.

"ಮೇಷ್ಟ್ರೇ, ಅದನ್ನ ಈಚೆ ತಳ್ಳಿ. ನಾನು ತಿರುಗಿಸ್ತೀನಿ, ನೀವು ಗ್ಯಾಸ್ ಕೊಡಿ."

"ನಿಮಗೆ ಡ್ರೈವಿಂಗ್ ಬರುತ್ತೇನ್ರೀ?"

"ಇಲ್ಲಪ್ಪ. ನಿಮ್ಗೆ ಬರ್ತದಲ, ಎಂತ ಆಯ್ತು? ಹಳ್ಳದಲ್ಲೇ ಇದೀರಿ."

ಸಿಸ್ಟರ್ ನಕ್ಕು, ಆ ಗೇಮಿನ ಕೆಳಗೆ ಟವೆಲ್ ಮಡಿಸಿಟ್ಟು, ಜಾರದ ಹಾಗೆ ಸೂಜಿಗೆ ಹಚ್ಚುವ ಪ್ಲಾಸ್ಟರಿನಿಂದಲೇ ಟ್ರಾಲಿಗೆ ಅಂಟಿಸಿದರು. ಹೀಗೆ ಸ್ಟೇರಿಂಗ್ ಗಿರಿಜಮ್ಮನವರ ಪಾಲಿಗೆ, ಗ್ಯಾಸು ಬ್ರೇಕು ನನ್ನ ಪಾಲಿಗೆ ಬಂತು. ಜೀವಮಾನವಿಡೀ ಎಡಕ್ಕೆ ಕೂತು ಬ್ರೇಕ್ ಒತ್ತಿದವನು ಈಗ ಬಲಕ್ಕೆ ಮಲಗಿ ಒತ್ತಬೇಕು. ಇರಲಿ ಎಂದುಕೊಂಡೆ. ಕಲಿಸಿದವನಿಗೆ ಕಲಿಯದ ಕೈ ಸಿಕ್ಕಿದೆ, ತಿದ್ದೋಣ.

ಅವರನ್ನು ತಿದ್ದಲು ಬ್ರಹ್ಮನಿಂದಲೂ ಸಾಧ್ಯವಿರಲಿಲ್ಲ. ತಿರುವು ಮುಗಿದ ಮೇಲೆ ತಿರುಗಿಸುತ್ತಿದ್ದರು. ನೆಟ್ಟಗಿನ ರಸ್ತೆಯಲ್ಲಿ, "ಸುಮ್ನೆ ಹೋಗೂದು ಬೇಜಾರು" ಎಂದು ಹುಲ್ಲಿಗೆ ಇಳಿಸುತ್ತಿದ್ದರು. ಬೇಲಿ ಮುರಿದರೆ, "ಯಾರ ಬೇಲಿಯೋ, ಪಾಪ" ಎಂದು ಕನಿಕರಪಟ್ಟು ಮುಂದಿನದನ್ನೂ ಮುರಿಯುತ್ತಿದ್ದರು. ನಾನು ಪ್ರತಿ ತಿರುವಿಗೂ ಬ್ರೇಕ್ ಹಾಕುತ್ತಿದ್ದೆ. ತಿರುವಿಲ್ಲದ ಕಡೆ, ಮುಂದೆ ತಿರುವು ಬರಬಹುದೆಂಬ ಮುಂಜಾಗ್ರತೆಯಿಂದ ಹಾಕುತ್ತಿದ್ದೆ.

"ಎಂತಕ್ಕೆ ನಿಲ್ಸಿದ್ರಿ?"

"ತಿರುವಿತ್ತು."

"ತಿರುವು ಇತ್ತು ಅಂತ ಹೋಗೂದೇ ಬೇಡ್ವಾ? ನಿಮ್ಮ ಡಬ್ಬಾ ಕಾರು ತಗಂಡು ಮನೆಗೆ ನಡೀರಿ."

ಆ ಆಟದಲ್ಲಿ ಡ್ರೈವರನ ಪಕ್ಕ ಕೂತ ಒಬ್ಬ, ಮುಂದಿನ ತಿರುವು ಯಾವ ಕಡೆ, ಎಷ್ಟು ಕಡಿದು ಎಂದು ಇಂಗ್ಲಿಷಿನಲ್ಲಿ ಗಡಗಡ ಓದುತ್ತಿರುತ್ತಾನೆ. ನಮ್ಮಿಬ್ಬರಿಗೂ ಅವನ ಮಾತು ತಿಳಿಯಲಿಲ್ಲ, ಆಚೆ ಮಂಚದವರ ನಿದ್ದೆಗೆ ತೊಂದರೆ ಬೇರೆ. ಸದ್ದು ಪೂರ್ತಿ ತಗ್ಗಿಸಿದೆವು. ಒಂದೇ ರಸ್ತೆಯನ್ನು ಮತ್ತೆ ಮತ್ತೆ ಓಡಿಸಿ ಬಾಯಿಪಾಠ ಮಾಡಿಕೊಂಡೆವು. ಗಿರಿಜಮ್ಮನವರು ಅದಕ್ಕೆ ತಮ್ಮದೇ ಹೆಸರಿಟ್ಟರು. ಫಿನ್ಲೆಂಡೋ ಎಲ್ಲಿಯದೋ ಆ ಕಾಡಿನ ರಸ್ತೆಯಲ್ಲಿ ಆನವಟ್ಟಿ ಸಂತೆ ತಿರುವು ಬಂತು, ಎಮ್ಮೆ ಅಡ್ಡ ಬರುವ ಇಳಿಜಾರು ಬಂತು, ದೊಡ್ಡಪ್ಪ ಬೈಕಿಂದ ಬಿದ್ದ ಮೋರಿ ಬಂತು. "ಮೇಷ್ಟ್ರೇ, ದೊಡ್ಡಪ್ಪ ಬಂತು" ಎಂದರೆ ನಾನು ಬ್ರೇಕ್ ಹಾಕಬೇಕು. ಹಾಕುತ್ತಿದ್ದೆ. ಬಹಳ ಹಾಕಿದೆ ಎಂದು ಬೈಯುತ್ತಿದ್ದರು. ರ‍್ಯಾಲಿಯಲ್ಲಿ ನಮ್ಮ ಸ್ಥಾನ ಯಾವಾಗಲೂ ಕೊನೆಯದು.

ಒಪ್ಪಬೇಕಾದ ಮಾತು ಹೇಳಿಬಿಡುತ್ತೇನೆ: ಇಷ್ಟೆಲ್ಲ ಸಿಡಿಮಿಡಿಯಲ್ಲಿ ನಾಲ್ಕು ತಾಸು ಎಲ್ಲಿ ಹೋಯಿತೆಂದೇ ಗೊತ್ತಾಗುತ್ತಿರಲಿಲ್ಲ. ಸೂಜಿ ತೆಗೆಯಲು ಬಂದರೆ, "ಸಿಸ್ಟರ್, ಒಂದು ನಿಮಿಷ, ಮೋರಿ ದಾಟಿಬಿಡ್ತೀವಿ" ಎನ್ನುವ ಮಟ್ಟಕ್ಕೆ ಬಂದಿದ್ದೆ. ಮೊದಮೊದಲು ವಿಶಾಲಿ ನನ್ನನ್ನು ಮಂಚದಿಂದ ಎಬ್ಬಿಸಿ ಕರೆದೊಯ್ಯಬೇಕಿತ್ತು. ಆಮೇಲೆ ನಾನೇ ಅವಳಿಗಿಂತ ಮುಂಚೆ ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದೆ.

ಹೀಗಿರುವಾಗ ಬಸವರಾಜ ನನ್ನನ್ನು ನೋಡಲು ಬಂದ. ನನ್ನ ಹತ್ತಿರ ಕಲಿತು ಈಗ ಸ್ವಂತ ಲಾರಿ ಓಡಿಸುವವನು. ಬರಿಗೈಯಲ್ಲಿ ಗುರುಗಳ ಮನೆಗೆ ಬರುವುದುಂಟೇ? ಒಂದು ಗೊನೆ ಎಳನೀರು ತಂದಿದ್ದ, ಕತ್ತಿಯನ್ನೂ ತಂದಿದ್ದ. ವಿಶಾಲಿ ಆ ದಿನ ತಮ್ಮನ ಮನೆಗೆಂದು ಆನವಟ್ಟಿಗೆ ಹೋಗಿದ್ದಳು.

"ಬೇಡ ಕಣೋ, ಡಾಕ್ಟರು ಬೇಡ ಅಂದಿದಾರೆ."

"ಎಳನೀರು ಬ್ಯಾಡ ಅಂತ ಯಾವ ಡಾಕ್ಟರ್ ಹೇಳ್ತಾನ್ರೀ ಮೇಷ್ಟ್ರೇ? ಕಾಫಿ ಬ್ಯಾಡ ಅಂದಿರ್ತಾನೆ. ನಿಮ್ಗೆ ಸರಿ ಕೇಳಿಸಿರಂಗಿಲ್ಲ."

ಮಾತು ಮುಗಿಯುವ ಮುಂಚೆ ಕೆತ್ತಿ ಕೈಗೆ ಕೊಟ್ಟ. ಎರಡು ಕೈಯಲ್ಲಿ ಹಿಡಿದು ಬಗ್ಗಿ ಕೊಟ್ಟ. ಹಾಗೆ ಕೊಟ್ಟದ್ದನ್ನು ಹಿಂದಕ್ಕೆ ತಳ್ಳುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿಲ್ಲ. ಅಲ್ಲದೆ ನನಗೆ ನೀರಿಗೆ ಅಳತೆ ಬಿದ್ದು ನಾಲಿಗೆ ಮರಳುಕಾಗದದಂತಾಗಿತ್ತು. ಕುಡಿದೆ. ಕುಡಿದು ಬುರುಡೆ ಕೆಳಗಿಡುವಷ್ಟರಲ್ಲಿ ಇನ್ನೊಂದು ಕೆತ್ತಿದ್ದ.

"ಸಾಕು."

"ಒಂಟಿ ಕೊಡಬಾರ್ದು ಮೇಷ್ಟ್ರೇ. ಅಪಶಕುನ."

ಒಂದನ್ನು ಮಾತ್ರ ಬಡಿಸಬಾರದೆಂಬ ನಮ್ಮ ಜನರ ಶಾಸ್ತ್ರ ಯಾರನ್ನು ಕಾಪಾಡಿದೆಯೋ ನನಗೆ ತಿಳಿಯದು. ಅಪಶಕುನ ತಪ್ಪಿಸಲೆಂದು ಎರಡನೆಯದನ್ನೂ ಕುಡಿದೆ. ಹೋಗುವಾಗ ಅವನು ಕಾಲಿಗೆ ಬೇರೆ ಬಿದ್ದ. ಒಳ್ಳೆಯದಾಗಲಿ ಎಂದು ಹರಸಿದೆ.

ಮಾರನೆಯ ದಿನ ಡಯಾಲಿಸಿಸ್ ಇತ್ತು. ವಿಶಾಲಿ ಇನ್ನೂ ಬಂದಿರಲಿಲ್ಲ, ಒಬ್ಬನೇ ಹೋದೆ. ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಕಾಲು ಬೇರೆಯವರದ್ದು ಅನ್ನಿಸಿತು, ವಯಸ್ಸು ಎಂದುಕೊಂಡೆ. ತುಟಿ ಜುಮ್ಮೆನ್ನುತ್ತಿತ್ತು, ಚಳಿ ಎಂದುಕೊಂಡೆ. ನಾನು ಇಂಥ ಕಾರಣ ಹುಡುಕುವುದರಲ್ಲಿ ನಿಪುಣ. ಸೂಜಿ ಚುಚ್ಚಿದರು, ಯಂತ್ರ ತಿರುಗಲಾರಂಭಿಸಿತು, ಸಿಸ್ಟರ್ ಟ್ರಾಲಿ ತಳ್ಳಿಕೊಟ್ಟು ಆಚೆ ಮಂಚದ ಕಡೆ ಹೋದರು. ನಾವು ಹೊರಟೆವು.

ಸಂತೆ ತಿರುವು ಬಂತು. ನಾನು ಬ್ರೇಕ್ ಹಾಕಲಿಲ್ಲ. ಕಾರು ಕೆಸರೆಬ್ಬಿಸಿಕೊಂಡು ಹೇಗೋ ಸುಳಿದು ಹೋಯಿತು.

"ಅಬ್ಬಾ, ಇವತ್ತು ಎಂತ ಧೈರ್ಯ ಮೇಷ್ಟ್ರಿಗೆ" ಎಂದರು ಗಿರಿಜಮ್ಮ, ಬಹಳ ಖುಷಿಯಿಂದ.

ಧೈರ್ಯ ಅಲ್ಲ ಎಂದು ಹೇಳಬೇಕೆನಿಸಿತು. ಹೆಬ್ಬೆರಳು ಗ್ಯಾಸಿನ ಗುಂಡಿಯ ಮೇಲೆ ಕೂತುಬಿಟ್ಟಿತ್ತು. ಪಕ್ಕದ ಗುಂಡಿಗೆ ಸರಿಸೋಣವೆಂದು ನಾನು ಹೇಳುತ್ತಿದ್ದೇನೆ, ಅದು ಕೇಳಿಸಿಕೊಳ್ಳುತ್ತಿಲ್ಲ. ನೋವು ಏನೂ ಇಲ್ಲ. ಹಿಟ್ಟಿನ ಉಂಡೆ ಇಟ್ಟ ಹಾಗೆ ಭಾರವಾಗಿ ಕೂತಿದೆ, ಅಷ್ಟೇ. ಇಳಿಜಾರು ಬಂತು, ಹೋಯಿತು.

"ದೊಡ್ಡಪ್ಪ ಬಂತು ಮೇಷ್ಟ್ರೇ."

ಕಾರು ಪೂರಾ ವೇಗದಲ್ಲಿ ಮೋರಿ ಹಾರಿ ಮರಗಳ ನಡುವೆ ಹೋಯಿತು. ಗಿರಿಜಮ್ಮನವರು ಪರದೆ ನೋಡುವುದು ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ನನ್ನ ಬೆರಳನ್ನು ತಮ್ಮ ಕೈಯಿಂದ ಎತ್ತಿ ಬಿಟ್ಟರು. ಅದು ಬಿತ್ತು.

"ಸಿಸ್ಟರ್, ಇಲ್ಲಿ ಬನ್ನಿ. ಮೇಷ್ಟ್ರಿಗೆ ಹುಷಾರಿಲ್ಲ."

"ಏನಾಗ್ತಿದೆ?"

"ಬ್ರೇಕ್ ಹಾಕ್ತಿಲ್ಲ."

ಸಿಸ್ಟರ್ ಅಲ್ಲಿಂದಲೇ, "ಒಳ್ಳೇದಾಯ್ತಲ್ಲಾ, ಗಿರಿಜಮ್ಮ" ಎಂದರು.

"ತಮಾಷೆ ಅಲ್ಲ ಮಾರಾಯ್ತಿ. ಇವ್ರು ಬ್ರೇಕ್ ಹಾಕ್ದೇ ಇರೋ ಮನುಷ್ಯ ಅಲ್ಲ. ನೀ ಬಂದು ನಾಡಿ ನೋಡು."

ದನಿ ಏರಿಸಲಿಲ್ಲ. ಆದರೆ ಸಿಸ್ಟರ್ ಕೈಯಲ್ಲಿದ್ದ ಟ್ರೇ ಅಲ್ಲೇ ಇಟ್ಟು ಬಂದರು. ನಾಡಿ ಹಿಡಿದು ಗಡಿಯಾರ ನೋಡುತ್ತಾ ನಿಂತವರ ಮುಖದಲ್ಲಿ ನಗು ಇರಲಿಲ್ಲ. ಎದೆಗೆ ವೈರು ಅಂಟಿಸಿ ಇಸಿಜಿ ಕಾಗದ ತೆಗೆದರು, ಡಾಕ್ಟರನ್ನು ಕರೆದರು. ಡಾಕ್ಟರು ಕಾಗದವನ್ನು ಒಂದು ಸಲವೇ ನೋಡಿದರು, ಎರಡನೇ ಸಲ ನೋಡಲಿಲ್ಲ. ಅದರಿಂದಲೇ ನನ್ನ ಸ್ಥಿತಿ ನನಗೆ ಗೊತ್ತಾಯಿತು.

"ಏನು ತಿಂದ್ರಿ? ಏನು ಕುಡಿದ್ರಿ?"

"ಎಳನೀರು" ಎಂದೆ. ನನ್ನ ನಾಲಿಗೆ ದಪ್ಪವಾಗಿತ್ತು.

"ಎಷ್ಟು?"

"ಒಂಟಿ ಆಗಬಾರ್ದು ಅಂತ ಎರಡು."

ಡಾಕ್ಟರು ತಾವೇ ಸಿರಿಂಜು ತುಂಬಿಸಿದರು. ಎಡಗೈಗೆ ಇಂಜೆಕ್ಷನ್ ಏರಿಸಿದರು, ಯಂತ್ರದ ಹತ್ತಿರ ನಿಂತು ಏನೇನೋ ಹೇಳಿದರು, ನಡುನಡುವೆ ಬಂದು ಎದೆಯ ಗೆರೆಗಳನ್ನು ನೋಡಿ ಹೋದರು. ಮೈಯೆಲ್ಲ ಮರಳುಚೀಲವಾಗಿ ಮಲಗಿದ್ದೆ. ಸಾಯುವ ಹೊತ್ತಿಗೆ ಹಿಂದಿನದೆಲ್ಲ ಕಣ್ಣ ಮುಂದೆ ಬರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಒಂದೇ ಯೋಚನೆ: ವಿಶಾಲಿಗೆ ಇದನ್ನು ಹೇಳುವವರು ಯಾರು, ಹೇಳಿದರೆ ಅವಳು ಮೊದಲು ಅಳುತ್ತಾಳೋ ಬೈಯುತ್ತಾಳೋ. ಬೈಯುವುದನ್ನು ಕೇಳಬೇಕೆಂಬ ಆಸೆ ಆಗ ಎಷ್ಟಿತ್ತೆಂದರೆ, ಇನ್ನು ಯಾವುದರ ಆಸೆಯೂ ಅಷ್ಟು ಇರಲಿಲ್ಲ.

ಗಿರಿಜಮ್ಮನವರು ಅಷ್ಟು ಹೊತ್ತೂ ಟ್ರಾಲಿಯ ಮೇಲೆ ನನ್ನ ಎಡಗೈ ಹಿಡಿದುಕೊಂಡೇ ಮಲಗಿದ್ದರು. ಪರಗಂಡಸಿನ ಕೈ ಹಿಡಿಯುವ ಸಂಕೋಚ ಅವರಿಗೂ ಇತ್ತು, ಹಿಡಿಸಿಕೊಳ್ಳುವ ಸಂಕೋಚ ನನಗೂ ಇತ್ತು. ಆಗಾಗ, "ಬೆರಳು ಅಲ್ಲಾಡ್ಸಿ ನೋಡನ" ಎನ್ನುತ್ತಿದ್ದರು. ಒಂದು ಸಲ ಅಲ್ಲಾಡಿತು. "ಹ್ಞಾ, ಬಂತು" ಎಂದು ಕೈ ಬಿಟ್ಟು, ಸೆರಗು ಸರಿಪಡಿಸಿಕೊಂಡು ಆ ಕಡೆ ತಿರುಗಿ ಮಲಗಿದರು. ಸೂಜಿಯ ತೋಳು ಅಲ್ಲಾಡಿತೆಂದು ಸಿಸ್ಟರ್ ಅವರನ್ನು ಬೈದರು.

ವಿಶಾಲಿ ಬಂದು ಮೊದಲು ಬೈದಳು. ಗೇಟಿನ ಹೊರಗೆ ಹೋದ ಮೇಲೆ ಅತ್ತಳು. ಆಟೋದಲ್ಲಿ ಮತ್ತೆ ಬೈದಳು.

ಎರಡು ದಿನ ಬಿಟ್ಟು ಬಸವರಾಜ ಬಂದ. ಈ ಸಲ ಬರಿಗೈ. ಬಾಗಿಲಲ್ಲೇ ನಿಂತು, "ಗುರುಗಳಿಗೆ ವಿಷ ಕೊಟ್ನಲ್ರೀ ಅಕ್ಕಾರೇ" ಎಂದು ವಿಶಾಲಿಗೆ ಹೇಳಿದ. ಲಾರಿ ಓಡಿಸುವ ಅಷ್ಟು ದೊಡ್ಡ ಆಳು ಹೊಸ್ತಿಲು ದಾಟಲು ಹೆದರಿ ನಿಂತಿದ್ದ.

"ನೀನು ಕೊಟ್ಟಿ. ಬಾಯಿ ಅವ್ರದ್ದೇ ಅಲ್ವಾ?" ಎಂದಳು ವಿಶಾಲಿ. "ಒಳಗೆ ಬಾ, ಊಟ ಮಾಡು." ಅವನು ಬಂದು ಊಟ ಮಾಡಿದ. ಎರಡನೇ ಸಲ ಅನ್ನ ಬಡಿಸುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಮನೆಯಲ್ಲಿ ಹೊಸ ಕಾನೂನು ಜಾರಿಯಾಯಿತು. ನೋಡಲು ಬಂದವರು ಎಳನೀರು ತಂದರೆ ಅದನ್ನು ವಿಶಾಲಿ ತಾನೇ ಅವರ ಎದುರಿಗೆ ಕುಡಿಯುತ್ತಾಳೆ. ಬಂದವರಿಗೆ ಕೊಟ್ಟ ತೃಪ್ತಿ, ನನಗೆ ಜೀವ, ಅವಳಿಗೆ ತಂಪು. ಕೆಲವರು ಇದನ್ನು ಅತಿಯಾಸೆ ಎಂದು ಊರಲ್ಲಿ ಆಡಿಕೊಂಡಿದ್ದಾರೆ. ಆಡಿಕೊಳ್ಳಲಿ.

ಡಾಕ್ಟರು ಗಿರಿಜಮ್ಮನವರನ್ನು ಹೊಗಳಿದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು. ಮುಂದಿನ ಸಲ ಹೋದಾಗ ನಾನು ಕೃತಜ್ಞತೆ ಹೇಳಲೆಂದು ಗಂಭೀರವಾಗಿ ಗಂಟಲು ಸರಿಮಾಡಿಕೊಂಡೆ.

"ಗಿರಿಜಮ್ನೋರೇ, ನಿಮ್ಮಿಂದ..."

"ಅದೆಲ್ಲ ಆಮೇಲೆ. ಮೊನ್ನೆ ಒಂದು ವಿಷ್ಯ ಗೊತ್ತಾಯ್ತು ಮೇಷ್ಟ್ರೇ. ನೀವು ಬ್ರೇಕ್ ಹಾಕ್ದೇ ಇದ್ರೆ ಸಂತೆ ತಿರುವು ಎಷ್ಟು ಚಂದ ದಾಟ್ತದೆ. ಸಾಯೋ ಹೊತ್ತಲ್ಲಿ ಮಾತ್ರ ಸರಿ ಓಡ್ಸೋದು ಅಂದ್ರೆ ಹೆಂಗೆ?"

ಇಂಥವರಿಗೆ ಕೃತಜ್ಞತೆ ಹೇಳುವುದು ಹೇಗೆ? ಸುಮ್ಮನೆ ಗ್ಯಾಸ್ ಒತ್ತಿದೆ. ಅವರು ಮೊದಲ ಬೇಲಿ ಮುರಿದರು.

ಇದನ್ನು ಓದುವವರಲ್ಲಿ ಯಾರಿಗಾದರೂ ಹೊಸದಾಗಿ ಈ ಸೂಜಿ ಶುರುವಾಗಿದ್ದರೆ, ಮೊದಲ ತಿಂಗಳು ಫ್ಯಾನು ನೋಡುತ್ತಾ ಮಲಗಿದ್ದರೆ, ನನ್ನದೊಂದೇ ಮಾತು. ಪಕ್ಕದ ಮಂಚದವರನ್ನು ಮಾತಾಡಿಸಿ. ಅವರ ಜೊತೆ ಜಗಳವಾಡುವಷ್ಟು ಸಲಿಗೆ ಬೆಳೆಸಿಕೊಳ್ಳಿ. ವೈದ್ಯಶಾಸ್ತ್ರ ಅವರಿಗೆ ತಿಳಿದಿರಬೇಕಿಲ್ಲ, ನಿಮ್ಮ ಸ್ವಭಾವ ತಿಳಿದಿದ್ದರೆ ಸಾಕು. ಬಾಳೆದಿಂಡಿನ ಮಾತೆತ್ತಿದರೆ ಮಾತ್ರ ಕೇಳಬೇಡಿ.

ಡ್ರೈವಿಂಗ್ ಸ್ಕೂಲನ್ನು ಬೇರೆಯವರಿಗೆ ವಹಿಸಿದ್ದೇನೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ಹೋದ ತಿಂಗಳ ರಕ್ತಪರೀಕ್ಷೆಯಲ್ಲಿ ಪೊಟ್ಯಾಶಿಯಂ ಇರಬೇಕಾದಷ್ಟೇ ಇತ್ತು.